ಗುಜರಿಗೆ ಹಾಕುವ ಮೊದಲು ಲಾಂಚಿನ ಜಾತಕ ಬರೆದಿಡಿ

ಬಂದರು ಮತ್ತು ಒಳನಾಡು ಜಲಸಾರಿಗೆ ಸಚಿವರಿಗೆ,

ಮಾನ್ಯರೇ,

ಸಮುದ್ರವೇ ಇಲ್ಲದ ಮುನವಳ್ಳಿಯಿಂದ ಹಡಗಿನ ವಿಷಯಕ್ಕೆ ಕಾಗದ ಬಂದಿದೆಯಲ್ಲ ಎಂದು ತಮ್ಮ ಕಚೇರಿಯವರು ಹುಬ್ಬೇರಿಸಬಹುದು. ಆದರೆ ಮಲಪ್ರಭೆ ದಂಡೆಯ ಈ ಎರಿಭೂಮಿಗೆ ಕರಾವಳಿಯ ನಂಟು ಹಳೆಯದು. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ (1861–65) ಅಲ್ಲಿಯ ಅರಳೆ ಲಿವರ್‌ಪೂಲಿಗೆ ಬರುವುದು ನಿಂತಾಗ ಬೆಳಗಾವಿ, ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಅಂಡಿಗೆ ಹೇರಿದ ಚಕ್ಕಡಿಗಳು ಘಟ್ಟ ಇಳಿದು ಕುಮಟೆ ಸೇರುತ್ತಿದ್ದವು. ಮುಂಬೈ ಪೇಟೆಯಲ್ಲಿ ಈ ಹತ್ತಿಗೆ ‘ಕುಮಟಾ’ ಎಂದೇ ಹೆಸರು. ಬೆಳೆದ ಊರುಗಳನ್ನು ಯಾರೂ ಕೇಳಲಿಲ್ಲ. 1880ರ ದಶಕದ ಕೊನೆಗೆ ಕ್ಯಾಸಲ್‌ರಾಕ್ ಮೇಲಿಂದ ಮರ್ಮಗೋವಾಕ್ಕೆ ರೈಲು ಬಂದ ಮೇಲೆ ಆ ದಾರಿ ಸೊರಗಿತು.

ಜನ ಮಾತ್ರ ಆಗಬೋಟು ಬಿಡಲಿಲ್ಲ. 1934ರಲ್ಲಿ ಗಾಂಧೀಜಿ ಕುಂದಾಪುರದಿಂದ ಕಾರವಾರಕ್ಕೆ ಬಂದದ್ದೂ ಹಡಗಿನಲ್ಲೇ.

ಇಂಥ ಹಡಗುಗಳ ಚರಿತ್ರೆ ಹುಡುಕುವವರು ಹೆಸರನ್ನು ನಂಬುವುದಿಲ್ಲ. ಮಾಲೀಕ ಬದಲಾದರೆ ಹೆಸರೂ ಬದಲಾಗುತ್ತದೆ. ಬದಲಾಗದ್ದು ಎರಡು: ಕಟ್ಟಿದ ಕಾರ್ಖಾನೆ ಕೊಟ್ಟ ಕ್ರಮಸಂಖ್ಯೆ, ಮತ್ತು ಬ್ರಿಟಿಷ್ ನೋಂದಣಿ ಇದ್ದ ಹಡಗಾದರೆ ಅದರ ಮುಖ್ಯ ತೊಲೆಯ ಮೇಲೆ ಕೊರೆದ ಅಧಿಕೃತ ಸಂಖ್ಯೆ. 1947ರ ಜುಲೈ 17ರಂದು ಮುಂಬೈ ಬಳಿ 600ಕ್ಕೂ ಹೆಚ್ಚು ಜನರೊಂದಿಗೆ ಮುಳುಗಿದ ‘ರಾಮದಾಸ್’ ಹಡಗನ್ನು 1936ರಲ್ಲಿ ಇಂಗ್ಲೆಂಡಿನ ಸ್ವಾನ್ ಹಂಟರ್ ಕಂಪನಿ ಕಟ್ಟಿತ್ತು. ಹಡಗು ತಳ ಸೇರಿದರೂ ಈ ವಿವರ ಕಾಗದದಲ್ಲಿ ಉಳಿದಿದೆ. ಬಂದರಿನೊಳಗೇ ದುಡಿದು ಸವೆದ ಟಗ್ಗುಗಳಿಗೆ, ನದಿ ದಾಟಿಸಿದ ಲಾಂಚುಗಳಿಗೆ ಆ ಭಾಗ್ಯ ಅಪರೂಪ. ದುರಂತವಾಗದಿದ್ದರೆ ಅವುಗಳ ಸುದ್ದಿ ಯಾರಿಗೆ ಬೇಕು?

ಈಗ ಶರಾವತಿಗೆ ಬರೋಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ನೀರು ನಿಂತ ಮೇಲೆ ತುಮರಿ ಸೀಮೆ ದ್ವೀಪದಂತಾಯಿತು. ಅಂಬಾರಗೋಡ್ಲು–ಕಳಸವಳ್ಳಿ ಕಡವಿನಲ್ಲಿ ತಮ್ಮ ಇಲಾಖೆಯ ಲಾಂಚು ಬಸ್ಸು, ಕಾರು, ಬಾಣಂತಿ, ಸಿಗಂದೂರಿನ ಭಕ್ತರು ಎಲ್ಲರನ್ನೂ ಸಾಗಿಸಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ವಾಹನ ಹತ್ತಿಸುವುದು ನಿಲ್ಲುತ್ತಿತ್ತು. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಸೇತುವೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಡವು ನಿಂತ ಮೇಲೆ ಲಾಂಚಿನ ದಾಖಲೆ ಕೇಳುವವರು ಯಾರು?

ದಾಖಲೆಯನ್ನು ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಒಳನಾಡಿನ ಯಂತ್ರನೌಕೆಗಳ ನೋಂದಣಿ, ತಪಾಸಣೆಗೆ 1917ರಲ್ಲೇ ಕಾನೂನು ಬಂದಿತ್ತು. ಅದರ ಮೂಲ ಹೆಸರಿನಲ್ಲಿ ‘ಸ್ಟೀಮ್’ ಎಂಬ ಪದವೂ ಇತ್ತು; ಉಗಿಯಂತ್ರ ಹೋಗಿ ಡೀಸೆಲ್ ಬಂದು ಎಷ್ಟೋ ಕಾಲವಾದ ಮೇಲೆ ಅದನ್ನು ತೆಗೆದರು. ಸರ್ಕಾರದ ವೇಗ! 2021ರ ಹೊಸ ಕಾಯ್ದೆ ನೌಕೆಗಳಿಗೆ ಕೇಂದ್ರೀಯ ದತ್ತಾಂಶವನ್ನೂ ಕೇಳುತ್ತದೆ. ಓಡುವ ನೌಕೆಗೆ ಇರುವ ಈ ಕಾಳಜಿ ನಿವೃತ್ತ ನೌಕೆಗೂ ಸಿಗಲಿ.

ಮುನವಳ್ಳಿಯ ಪಂಚಲಿಂಗೇಶ್ವರ ಗುಡಿಯಲ್ಲಿ ಸೇವುಣರ ಕಾಲದ ಶಾಸನ ಇವತ್ತಿಗೂ ಓದಲು ಸಿಗುತ್ತದೆ. ಲಾಂಚಿನ ಶಾಸನವೆಂದರೆ ಎಂಜಿನ್ನಿಗೆ ಬಡಿದ ಅಂಗೈಯಗಲದ ತಗಡು. ಗ್ರೀಸು ಒರೆಸಿದರೆ ತಯಾರಕರ ಹೆಸರು, ನಂಬರು ಕಾಣುತ್ತವೆ. ಗುಜರಿಯವನಿಗೆ ಅದೇ ಮೊದಲು ಕೀಳುವ ವಸ್ತು.

ಆದ್ದರಿಂದ ಯಾವುದೇ ಹಳೆಯ ಲಾಂಚು, ಟಗ್ಗು ಹರಾಜಿಗೆ ಹೋಗುವ ಮೊದಲು ಆ ತಗಡಿನ ಫೋಟೊ ತೆಗೆಸಬೇಕು. ಲಾಗ್‌ಬುಕ್ಕು, ದುರಸ್ತಿ ಬಿಲ್ಲು, ನೋಂದಣಿ ಕಡತಗಳನ್ನು ಸ್ಕ್ಯಾನ್ ಮಾಡಿಸಿ ರಾಜ್ಯ ಪತ್ರಾಗಾರಕ್ಕೆ ಕೊಡಬೇಕು. ನಿವೃತ್ತ ಚಾಲಕರ, ಕಲಾಸಿಗಳ ಮಾತನ್ನು ಧ್ವನಿಮುದ್ರಿಸಬೇಕು. ಕಡತಕ್ಕಿಂತ ಈ ಕೆಲಸ ತುರ್ತಿನದು. ಶರಾವತಿ ಹಿನ್ನೀರಿನದೇ ಆದ ಹಸಿರುಮಕ್ಕಿ, ಮುಪ್ಪಾನೆ ಕಡವುಗಳ ಲಾಂಚುಗಳನ್ನೂ ಈ ಪಟ್ಟಿಗೆ ಸೇರಿಸುವಂತೆ ಆದೇಶಿಸಬೇಕಾಗಿ ವಿನಂತಿ.

ಇತಿ,
ಮುನವಳ್ಳಿಯ ಓದುಗರು