ಬಾನಿನ ಕಣದಲ್ಲಿ ತೂರಿದ ಜೀವಕೋಶಗಳು

ಅಗಳಿಯ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಮೂತ್ರಪಿಂಡಗಳು ಕೆಟ್ಟು ಡಯಾಲಿಸಿಸ್ಸಿಗಾಗಿ ವಾರಕ್ಕೆರಡು ಬಾರಿ ಪಟ್ಟಣಕ್ಕೆ ಹೋಗಿಬರುತ್ತಾರೆ. ಕೆಂಪು ರಕ್ತಕಣಗಳನ್ನು ಹುಟ್ಟಿಸಲು ಮೂಳೆಯ ಮಜ್ಜೆಗೆ ಆಜ್ಞೆ ನೀಡುವ ಎರಿತ್ರೊಪೊಯೆಟಿನ್ ಎಂಬ ಪ್ರೋಟೀನನ್ನು ಆರೋಗ್ಯವಂತ ಮೂತ್ರಪಿಂಡವೇ ತಯಾರಿಸುತ್ತದೆ. ಅವರಿಗೋ ಅದನ್ನು ಸೂಜಿಮದ್ದಾಗಿ ಕೊಡಬೇಕು. ಮೊನ್ನೆ ಶಾಲೆಗೆ ಬಂದವರು ಮಂಜುಗಡ್ಡೆಯ ಡಬ್ಬಿಯಲ್ಲಿದ್ದ ಆ ಪುಟ್ಟ ಸೀಸೆಯನ್ನು ತೋರಿಸಿದರು. ಇದೇ ಔಷಧಕ್ಕಾಗಿ ಹಿಂದೊಮ್ಮೆ ಬಾಹ್ಯಾಕಾಶದಲ್ಲಿ ನಡೆದ ಸಾಹಸವನ್ನು ನಾವು ಅವರಿಗೆ ಹೇಳಿದೆವು.

ಕಣದಲ್ಲಿ ರಾಗಿ ತೂರುವುದನ್ನು ವಾಚಕರು ಬಲ್ಲರು. ಗಾಳಿ ಹೊಟ್ಟನ್ನು ದೂರಕ್ಕೊಯ್ಯುತ್ತದೆ, ಕಾಳು ಹತ್ತಿರ ಬೀಳುತ್ತದೆ. ಎಲೆಕ್ಟ್ರೊಫೊರೆಸಿಸ್ ಎಂಬ ವಿಧಾನದಲ್ಲಿ ಗಾಳಿಯ ಕೆಲಸವನ್ನು ವಿದ್ಯುತ್ತು ಮಾಡುತ್ತದೆ. ಜೀವಕೋಶಗಳ ಮೇಲ್ಮೈಯಲ್ಲಿರುವ ವಿದ್ಯುದಂಶ ಎಲ್ಲಕ್ಕೂ ಒಂದೇ ಸಮನಲ್ಲ. ಅವು ತೇಲುವ ದ್ರವದಲ್ಲಿ ವಿದ್ಯುತ್ತು ಹರಿಸಿದರೆ ಕೆಲವು ಬೇಗನೆ, ಕೆಲವು ನಿಧಾನವಾಗಿ ಸಾಗಿ ಬೇರೆ ಬೇರೆ ಗುಂಪಾಗುತ್ತವೆ. ಪ್ರೋಟೀನುಗಳನ್ನೂ ಹೀಗೆಯೇ ಬೇರ್ಪಡಿಸಬಹುದು. ಆದರೆ ವಿದ್ಯುತ್ತಿನಿಂದ ದ್ರವ ಬಿಸಿಯಾಗುತ್ತದೆ; ಬಿಸಿಯಾದುದು ಮೇಲೇರಿ, ತಣ್ಣಗಿನದು ಕೆಳಗಿಳಿದು, ಕಣದಲ್ಲಿ ಸುಂಟರಗಾಳಿ ಎದ್ದಂತಾಗಿ ಎಲ್ಲವೂ ಮತ್ತೆ ಬೆರೆಯುತ್ತದೆ. ಕೋಶಗಳು ತಮ್ಮ ಭಾರಕ್ಕೆ ತಳ ಸೇರುವುದೂ ಉಂಟು. ಭೂಮಿಯನ್ನು ಸುತ್ತುವ ನೌಕೆಯಲ್ಲಿ ಈ ಎರಡು ಕಾಟಗಳೂ ಇಲ್ಲವೆನ್ನುವಷ್ಟು ಕಡಿಮೆ. (ಅಲ್ಲಿ ಗುರುತ್ವವೇ ಇಲ್ಲವೆಂದು ಮಕ್ಕಳು ಬರೆದರೆ ನಾವು ಕೆಂಪು ಶಾಯಿ ಹಿಡಿಯುತ್ತೇವೆ, ನೌಕೆಯೂ ಅದರೊಳಗಿನ ಸಮಸ್ತವೂ ಒಟ್ಟಿಗೇ ಬೀಳುತ್ತಿರುವುದರಿಂದ ಭಾರ ತೋರದು, ಅಷ್ಟೇ.)

1975ರ ಜುಲೈಯಲ್ಲಿ ಅಪೊಲೊ–ಸೊಯುಜ್ ಯಾನದಲ್ಲಿ ಮೂತ್ರಪಿಂಡದ ಕೋಶಗಳನ್ನು ಈ ರೀತಿ ಬೇರ್ಪಡಿಸಲಾಯಿತು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಯೂರೊಕೈನೇಸನ್ನು ತಯಾರಿಸುವ ಕೋಶಗಳಿಗಾಗಿ ನಡೆದ ಹುಡುಕಾಟವದು. 1983ರಲ್ಲಿ ಷಟಲ್ ನೌಕೆಯಲ್ಲಿ ಮೂತ್ರಪಿಂಡ, ಮೇದೋಜೀರಕಾಂಗ, ಪಿಟ್ಯುಟರಿ ಗ್ರಂಥಿಗಳ ಕೋಶಗಳ ಸರದಿ. 1984ರ ಆಗಸ್ಟಿನಲ್ಲಿ ಮ್ಯಾಕ್‌ಡಾನಲ್ ಡಗ್ಲಸ್ ಕಂಪನಿಯ ಎಂಜಿನಿಯರ್ ಚಾರ್ಲ್ಸ್ ವಾಕರ್ ತಮ್ಮ ಯಂತ್ರದೊಡನೆ ತಾವೇ ಮೇಲೇರಿದರು. 1985ರಲ್ಲಿ ಮತ್ತೆರಡು ಬಾರಿ. ಕಂಪನಿಯ ಗುರಿ ಶುದ್ಧವಾದ ಎರಿತ್ರೊಪೊಯೆಟಿನ್.

ಅಷ್ಟರಲ್ಲಿ ನೆಲದ ಮೇಲೆಯೇ ಬೇರೊಂದು ದಾರಿ ತೆರೆದಿತ್ತು. ಆಮ್‌ಜೆನ್ ಸಂಸ್ಥೆಯವರು ಮಾನವನ ಜೀನನ್ನು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳಲ್ಲಿ ಸೇರಿಸಿ ಅದೇ ವಸ್ತುವನ್ನು ಉತ್ಪಾದಿಸಿದರು. 1989ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. 1986ರ ಜನವರಿಯಲ್ಲಿ ಚಾಲೆಂಜರ್ ನೌಕೆ ನಾಶವಾಗಿ ಏಳು ಮಂದಿ ಮಡಿದ ಬಳಿಕ ವಾಕರರ ಯಂತ್ರ ಮತ್ತೆ ಹಾರಲಿಲ್ಲ. ಹಣ ಪೋಲಾಯಿತೆನ್ನುವವರು ಇದ್ದಾರು, ನಾವು ಹಾಗೆನ್ನಲಾರೆವು. ಯಾವ ದಾರಿ ಮೊದಲು ಮುಟ್ಟೀತೆಂದು ಹೊರಟಾಗ ಯಾರೂ ಅರಿಯರು, ರೋಗಿಯೋ ಕಾಯುತ್ತಲೇ ಇರುತ್ತಾನೆ.

“ಹಾಗಾದರೆ ಇದು ಮೇಲಿನಿಂದ ಬಂದದ್ದಲ್ಲವೇ ಮೇಷ್ಟ್ರೇ?” ಎಂದು ಅವರು ನಕ್ಕರು. ಕೆಳಗೆ ತಯಾರಾದದ್ದೇ ಎಂದೆವು. ಸೀಸೆಯನ್ನು ಡಬ್ಬಿಯೊಳಗಿಟ್ಟು, ಬಸ್ಸಿನ ಹೊತ್ತಾಯಿತೆಂದು ಎದ್ದರು.