ವಿಡಿಯೊ ಜೊತೆಗೆ ಪ್ರಾಜೆಕ್ಟ್ ಫೈಲನ್ನೂ ಬಿಟ್ಟುಹೋಗಿ

ವಾರ್ಷಿಕೋತ್ಸವ, ರಾಜ್ಯೋತ್ಸವ, ಬೀಳ್ಕೊಡುಗೆ ಸಮಾರಂಭ ಹತ್ತಿರ ಬಂತೆಂದರೆ ನಮ್ಮ ಕಾಲೇಜಿನಲ್ಲಿ ಮೊದಲು ಹುಡುಕುವುದು ‘ಎಡಿಟಿಂಗ್ ಬರುವ ಹುಡುಗ’ನನ್ನು. ಹುಡುಗಿಯರಲ್ಲೂ ಚೆನ್ನಾಗಿ ಮಾಡುವವರಿದ್ದಾರೆ, ಅವರನ್ನು ಕೇಳುವವರು ಕಡಿಮೆ. ಅದು ಬೇರೆ ಮಾತು. ಕಾಲೇಜಿನ ಹೆಸರು ತಿರುಗುತ್ತ ಬರುವ, ಅಕ್ಷರಗಳು ಒಂದೊಂದಾಗಿ ಮೂಡುವ ಅನಿಮೇಷನ್ನನ್ನು ಅವನು ಎರಡು ರಾತ್ರಿ ಕೂತು ಫೋನಿನಲ್ಲೇ ಮಾಡಿಕೊಡುತ್ತಾನೆ. ಪರದೆಯ ಮೇಲೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ಪರೀಕ್ಷೆ ಮುಗಿದ ಮೇಲೆ ಅವನು ಹುಬ್ಬಳ್ಳಿಗೋ ಧಾರವಾಡಕ್ಕೋ ಡಿಗ್ರಿಗೆ ಹೋಗುತ್ತಾನೆ. ನಮ್ಮಲ್ಲಿ ಉಳಿಯುವುದು ವಾಟ್ಸ್‌ಆ್ಯಪ್ ಗ್ರೂಪಿನ ಒಂದು ಮಸುಕು ಪ್ರತಿ. ಮುಂದಿನ ವರ್ಷ ಇಸವಿಯೊಂದನ್ನೇ ಬದಲಿಸಬೇಕೆಂದರೂ ಹೊಸಬರು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಇದು ನಿಲ್ಲಬೇಕು. ಕಾಲೇಜಿಗಾಗಿ ಅನಿಮೇಷನ್ ಮಾಡಿದವರು ವಿಡಿಯೊ ಮಾತ್ರವಲ್ಲ, ಅದರ ಪ್ರಾಜೆಕ್ಟ್ ಫೈಲನ್ನೂ ಕಾಲೇಜಿಗೆ ಕೊಟ್ಟು ಹೋಗಬೇಕು ಎಂಬುದು ನನ್ನ ಅಭಿಪ್ರಾಯ.

ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿಗೆ ನಮ್ಮ ಲೆಕ್ಕಶಾಸ್ತ್ರದಿಂದಲೇ ಹೇಳುತ್ತೇನೆ. ಎಕ್ಸ್‌ಪೋರ್ಟ್ ಮಾಡಿದ ವಿಡಿಯೊ ಎಂದರೆ ಬ್ಯಾಲೆನ್ಸ್ ಶೀಟ್ ಇದ್ದ ಹಾಗೆ. ನೋಡುವವರಿಗೆ ಅಷ್ಟು ಸಾಕು. ಆದರೆ ಬ್ಯಾಲೆನ್ಸ್ ಶೀಟ್ ನೋಡಿ ವೋಚರುಗಳನ್ನು ಮತ್ತೆ ಬರೆಯಲು ಯಾರಿಂದಲೂ ಆಗುವುದಿಲ್ಲ. ಪ್ರಾಜೆಕ್ಟ್ ಫೈಲು ಜರ್ನಲ್, ಲೆಡ್ಜರ್, ವೋಚರ್ ಎಲ್ಲ ಸೇರಿದ ಕಡತ. ಯಾವ ಪದರ ಎಲ್ಲಿದೆ, ಯಾವ ಅಕ್ಷರ ಎಷ್ಟನೇ ಸೆಕೆಂಡಿಗೆ ಬರುತ್ತದೆ, ಯಾವ ಬಣ್ಣ, ಎಲ್ಲವೂ ಅದರಲ್ಲಿರುತ್ತದೆ. ಕೈನ್‌ಮಾಸ್ಟರ್, ಅಲೈಟ್ ಮೋಷನ್ ಆ್ಯಪ್‌ಗಳಲ್ಲಿ ಪ್ರಾಜೆಕ್ಟನ್ನೇ ಹೊರಗೆ ತೆಗೆದು ಬೇರೆಯವರಿಗೆ ಕಳಿಸುವ ವ್ಯವಸ್ಥೆ ಇದೆ. ಕಂಪ್ಯೂಟರಿನ ಆಫ್ಟರ್ ಎಫೆಕ್ಟ್ಸ್‌ನಲ್ಲಿ ‘ಕಲೆಕ್ಟ್ ಫೈಲ್ಸ್’ ಎಂಬ ಆಯ್ಕೆ ಬಳಸಿದ ಚಿತ್ರ, ಧ್ವನಿಗಳನ್ನೆಲ್ಲ ಒಂದೇ ಫೋಲ್ಡರಿಗೆ ತಂದು ಕೊಡುತ್ತದೆ.

ವಿಡಿಯೊ ಕಳಿಸುವುದರಲ್ಲೂ ನಾವು ನಷ್ಟ ಮಾಡಿಕೊಳ್ಳುತ್ತಿದ್ದೇವೆ. ಲೆಕ್ಕ ಸುಲಭ: ಬಿಟ್‌ರೇಟನ್ನು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿದರೆ ಫೈಲಿನ ಗಾತ್ರ ಸಿಗುತ್ತದೆ. 40 ಸೆಕೆಂಡಿನ ಅನಿಮೇಷನ್ನನ್ನು ಸೆಕೆಂಡಿಗೆ 12 ಮೆಗಾಬಿಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ 480 ಮೆಗಾಬಿಟ್, ಅಂದರೆ 60 ಎಂಬಿ. ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೊ ಎಂದು ಹಾಕಿದರೆ ಕೆಲವೇ ಎಂಬಿಗೆ ಹಿಂಡಿಬಿಡುತ್ತದೆ. ಮೊದಲು ಹಾಳಾಗುವುದು ಸಣ್ಣ ಅಕ್ಷರಗಳ ಅಂಚು. ಕನ್ನಡದ ಒತ್ತಕ್ಷರ ಓದಲು ಬರುವುದಿಲ್ಲ. ಆ ಪ್ರತಿಯನ್ನೇ ಮತ್ತೆ ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಮಾಡಿದರೆ ಇನ್ನಷ್ಟು ಕೆಡುತ್ತದೆ. ಅದೇ ಫೈಲನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಇದ್ದದ್ದು ಇದ್ದಂತೆ ತಲುಪುತ್ತದೆ. 2 ಜಿಬಿವರೆಗೂ ಹೋಗುತ್ತದೆ. ಜಿಫ್ ಮಾಡಿ ಕಳಿಸುವವರೂ ಇದ್ದಾರೆ. ಜಿಫ್‌ನಲ್ಲಿ ಒಂದು ಚಿತ್ರಕ್ಕೆ 256 ಬಣ್ಣ ಮಾತ್ರ, ಧ್ವನಿ ಇರುವುದಿಲ್ಲ. ಲೋಗೊ ಅನಿಮೇಷನ್ ಹಿಂದೆ ಕಪ್ಪು ಚೌಕ ಯಾಕೆ ಬರುತ್ತದೆ ಎಂದು ಎಷ್ಟೋ ಜನ ಕೇಳಿದ್ದಾರೆ. ನಾವು ಸಾಮಾನ್ಯವಾಗಿ ತೆಗೆಯುವ ಎಂಪಿ4 ವಿಡಿಯೊದಲ್ಲಿ ಪಾರದರ್ಶಕ ಹಿನ್ನೆಲೆ ಉಳಿಯುವುದಿಲ್ಲ, ಅದಕ್ಕೆ. ಅಂಥದ್ದನ್ನು ಪಿಎನ್‌ಜಿ ಚಿತ್ರಗಳ ಸಾಲಾಗಿ ತೆಗೆದುಕೊಳ್ಳಬೇಕು.

ಇನ್ನು ಫಾಂಟು. ನಮ್ಮ ಮನೆಮಾತು ಉರ್ದು. ನಮ್ಮ ಓಣಿಯ ಮದುವೆಗಳ ಆಹ್ವಾನದ ವಿಡಿಯೊದಲ್ಲಿ ಉರ್ದು, ಕನ್ನಡ ಎರಡೂ ಬೇಕು. ಫಾಂಟ್ ಇಲ್ಲದ ಫೋನಿನಲ್ಲಿ ಪ್ರಾಜೆಕ್ಟ್ ತೆರೆದರೆ ಅಂದವೆಲ್ಲ ಹೋಗುತ್ತದೆ. ಕೆಲವು ಆ್ಯಪ್‌ಗಳಲ್ಲಂತೂ ಉರ್ದು ಅಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ನನ್ನ ದಾದಾ ಅಂಥದ್ದನ್ನು ನೋಡಿದರೆ ಓದುವುದೇ ಇಲ್ಲ, ಫೋನ್ ವಾಪಸ್ ಕೊಡುತ್ತಾರೆ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಆದ್ದರಿಂದ ಯೂನಿಕೋಡಿನಲ್ಲೇ ಟೈಪ್ ಮಾಡಬೇಕು, ಫಾಂಟ್ ಫೈಲನ್ನೂ ಜೊತೆಗೆ ಇಡಬೇಕು. ನೋಟೊ ಸ್ಯಾನ್ಸ್ ಕನ್ನಡ, ನೋಟೊ ನಸ್ತಾಲೀಕ್ ಉರ್ದು ಉಚಿತ ಫಾಂಟ್‌ಗಳು. ಬೇರೆಯವರಿಗೆ ಕೊಡಲು ಅನುಮತಿಯೂ ಇದೆ. ಹಣ ಕೊಟ್ಟು ಕೊಂಡ ಫಾಂಟನ್ನು ಹಾಗೆ ಹಂಚುವಂತಿಲ್ಲ.

ನನ್ನ ಗೆಳೆಯರು ಇದಕ್ಕೆ ಒಪ್ಪುವುದಿಲ್ಲ. “ಎರಡು ರಾತ್ರಿ ನಿದ್ದೆಗೆಟ್ಟು ಮಾಡಿದ್ದು. ಫೈಲ್ ಕೊಟ್ಟರೆ ನಾಳೆ ಇನ್ನೊಬ್ಬ ಹೆಸರು ಬದಲಿಸಿ ತನ್ನದೆಂದು ಮಾರುತ್ತಾನೆ” ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕಲಾಗದು. ಕಾಮರ್ಸ್ ಓದುವ ಹುಡುಗರಲ್ಲಿ ಕೆಲವರು ಮದುವೆ ವಿಡಿಯೊ, ಅಂಗಡಿ ಜಾಹೀರಾತು ಮಾಡಿ ಫೀಸು ಕಟ್ಟಿಕೊಳ್ಳುತ್ತಿದ್ದಾರೆ. ಅವರ ದುಡಿಮೆಯನ್ನು ಪುಕ್ಕಟೆ ಕೊಡಿ ಎಂದು ನಾನು ಹೇಳುತ್ತಿಲ್ಲ. ಹಣದ ಕೆಲಸಕ್ಕೆ ಮೊದಲೇ ಮಾತಾಡಿಕೊಳ್ಳಬೇಕು: ವಿಡಿಯೊಗೆ ಇಷ್ಟು, ಪ್ರಾಜೆಕ್ಟ್ ಫೈಲೂ ಬೇಕೆಂದರೆ ಇಷ್ಟು. ಮಾತಾಡದಿದ್ದರೆ ನಷ್ಟ ನಮಗೇ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ಮಾಡಿಸಿದ ಚಿತ್ರಕ್ಕೆ ಮಾಡಿಸಿದವರೇ ಮೊದಲ ಒಡೆಯರು. ಒಂದು ಸಾಲು ಬರೆದು ಕೊಟ್ಟು ತೆಗೆದುಕೊಂಡರೆ ಜಗಳವಿಲ್ಲ. ಕಾಲೇಜಿನ ಕೆಲಸ ಹಾಗಲ್ಲ. ಅದನ್ನು ನಾವು ಕಲಿತದ್ದೂ ಇಲ್ಲೇ, ಮಾಡಿದ್ದೂ ಇಲ್ಲಿಗಾಗಿಯೇ. ಫೈಲಿನಲ್ಲಿ ಮಾಡಿದವರ ಹೆಸರು ಇರಲಿ, ಬಳಸಿದವರು ಆ ಹೆಸರನ್ನು ವಿಡಿಯೊ ಕೊನೆಯಲ್ಲಿ ಹಾಕಲಿ.

ಕಲೆ ಹೇಗೆ ದಾಟುತ್ತದೆ ಎಂಬುದಕ್ಕೆ ನಮ್ಮೂರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರ ಗ್ರಾಮಫೋನ್ ರೆಕಾರ್ಡುಗಳನ್ನು ಯಾರು ಬೇಕಾದರೂ ಕೊಂಡು ಕೇಳಬಹುದಿತ್ತು. ಆದರೆ ಕುಂದಗೋಳದ ರಾಮಭಾವು ಅವರ ಎದುರು ಕೂತು ಕಲಿತು ಸವಾಯಿ ಗಂಧರ್ವರಾದರು. ಅವರಿಂದ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬರುತ್ತಿದ್ದರು, ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಉಳಿದರು. ರೆಕಾರ್ಡು ಕೇಳುಗರನ್ನು ತಯಾರು ಮಾಡಿತು, ಹಾಡುಗಾರರನ್ನು ತಯಾರು ಮಾಡಿದ್ದು ಬಿಡಿಸಿ ಹೇಳಿಕೊಟ್ಟ ಗುರು. ನಮ್ಮ ಅನಿಮೇಷನ್ ಅಷ್ಟು ದೊಡ್ಡ ವಿದ್ಯೆಯಲ್ಲ. ಆದರೂ ಒಂದು ಪ್ರಾಜೆಕ್ಟ್ ತೆರೆದು ಒಂದೊಂದೇ ಪದರ ಬಿಚ್ಚಿ ನೋಡಿದ ಹುಡುಗ, ನೂರು ವಿಡಿಯೊ ನೋಡಿದವನಿಗಿಂತ ಬೇಗ ಕಲಿಯುತ್ತಾನೆ.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಕಂಪ್ಯೂಟರ್ ಲ್ಯಾಬಿನ ಗುರುಗಳಲ್ಲಿ ನನ್ನ ವಿನಂತಿ: ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ವರ್ಷಕ್ಕೊಂದು ಫೋಲ್ಡರ್ ಇರಲಿ, ಅದರ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ಕಚೇರಿಯಲ್ಲಿರಲಿ. ಅದರಲ್ಲಿ ಪ್ರಾಜೆಕ್ಟ್ ಫೈಲು, ಬಳಸಿದ ಫೋಟೊ ಮತ್ತು ಸಂಗೀತ, ಫಾಂಟ್‌ಗಳು, ಹಿಂಡದ ಪೂರ್ಣ ವಿಡಿಯೊ ಇರಲಿ. ಜೊತೆಗೆ ಯಾವ ಆ್ಯಪಿನ ಯಾವ ಆವೃತ್ತಿ, ಸಂಗೀತ ಎಲ್ಲಿಂದ ತಂದದ್ದು ಎಂದು ಬರೆದ ಒಂದು ಚೀಟಿ. ಫೆಬ್ರವರಿಯಲ್ಲಿ, ಪರೀಕ್ಷೆಗೆ ಮೊದಲು, ದ್ವಿತೀಯ ವರ್ಷದವರು ಪ್ರಥಮ ವರ್ಷದ ಇಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ತೆರೆದು ತೋರಿಸಲಿ. ಆ ಇಬ್ಬರಲ್ಲಿ ಒಬ್ಬಳು ಹುಡುಗಿಯಾಗಿರಲಿ.

ಈ ವರ್ಷದ ಬೀಳ್ಕೊಡುಗೆ ವಿಡಿಯೊದಿಂದಲೇ ಶುರು ಮಾಡೋಣ. ಇಸವಿ ಬದಲಿಸುವುದು ಐದು ನಿಮಿಷದ ಕೆಲಸವಾದರೆ, ಮುಂದಿನ ಬ್ಯಾಚಿನವರು ಉಳಿದ ಎರಡು ರಾತ್ರಿಯಲ್ಲಿ ನಮಗೆ ಬಾರದ್ದೇನಾದರೂ ಮಾಡಿ ತೋರಿಸುತ್ತಾರೆ.