ತರಗತಿ ತಾಲ್ಲೂಕಿಗೆ ಬರಲಿ

ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕುಲಪತಿಗಳಿಗೆ,



ಪಿಯುಸಿಗೇ ಓದು ನಿಂತು, ಮದುವೆಯಾಗಿ, ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಮತ್ತೆ ಪುಸ್ತಕ ಹಿಡಿದಿರುವ ಹೆಣ್ಣುಮಕ್ಕಳು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿದ್ದಾರೆ. ಅಂಗನವಾಡಿ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು, ಪಂಚಾಯಿತಿ ಸದಸ್ಯೆಯರು. ಅವರ ಪರವಾಗಿ ಈ ಪತ್ರ.

ಕಾಲೇಜಿಗೆ ಹೋಗಲಾಗದವರಿಗೆಂದೇ ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಸ್ಥಾಪನೆಯಾದದ್ದೂ ಅದೇ ವರ್ಷ. ಮೈಸೂರಿನ ಆ ಸಂಸ್ಥೆಯೇ ಬೆಳೆದು 1996ರಲ್ಲಿ ನಿಮ್ಮ ವಿಶ್ವವಿದ್ಯಾನಿಲಯವಾಯಿತು. ಓದುವವರು ಇದ್ದಲ್ಲಿಗೆ ಪಾಠ ಹೋಗಬೇಕೆಂಬುದೇ ಅದರ ಹುಟ್ಟಿನ ಉದ್ದೇಶ. ಆ ಮಾತು ತಾಲ್ಲೂಕಿನಲ್ಲಿ ಪೂರ್ತಿ ನಡೆಯಲಿ ಎಂಬುದಷ್ಟೇ ನನ್ನ ಬೇಡಿಕೆ.

ಚನ್ನಗಿರಿ ಕಡೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ಸುಲಿತ ನಡುರಾತ್ರಿಯವರೆಗೂ ನಡೆಯುತ್ತದೆ. ಮೆಟ್ಟುಗತ್ತಿ ಬಿಟ್ಟೆದ್ದು, ಎಷ್ಟು ತಿಕ್ಕಿದರೂ ಹೋಗದ ಕಪ್ಪು ಕಲೆಯ ಬೆರಳುಗಳಲ್ಲೇ ಇತಿಹಾಸದ ನೋಟ್ಸ್ ಬರೆಯುವವಳನ್ನು ನಾನು ಬಲ್ಲೆ. “ಈ ವಯಸ್ಸಿಗೆ ಓದಿ ಏನ್ ಮಾಡ್ತೀಯವ್ವ?” ಎಂದವರಿಗೆ ಅವಳು ಉತ್ತರ ಕೊಡುವುದನ್ನೂ ಬಿಟ್ಟಿದ್ದಾಳೆ. ಆದರೆ ದೂರದೂರಿನ ತರಗತಿಗೆಂದು ಹೊರಟ ದಿನ ಕೂಲಿ ಹೋಗುತ್ತದೆ, ಅಡುಗೆಗೆ ಇನ್ನೊಬ್ಬರನ್ನು ಕಾಡಬೇಕಾಗುತ್ತದೆ. ಜಗಳೂರಿನಿಂದ ದಾವಣಗೆರೆ ಸುಮಾರು 50 ಕಿ.ಮೀ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇದೆ, ನಿಜ. ಖಾಸಗಿ ಬಸ್ಸನ್ನೇ ನಂಬಿದ ಹಳ್ಳಿಯವಳಿಗೆ ಅದರ ಪ್ರಯೋಜನವಿಲ್ಲ.

ಆದ್ದರಿಂದ ಮೂರು ಕೆಲಸ ಆಗಲಿ. ಮೊದಲನೆಯದು, ಸಂಪರ್ಕ ತರಗತಿ, ಪರೀಕ್ಷೆ ಎರಡೂ ಈ ನಾಲ್ಕು ಊರುಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ರಜಾ ದಿನಗಳಂದು ಖಾಯಂ ಆಗಿ ನಡೆಯಲಿ. ನ್ಯಾಮತಿಯವರಿಗೆ ಜಿಲ್ಲಾ ಕೇಂದ್ರಕ್ಕಿಂತ ಶಿವಮೊಗ್ಗವೇ ಹತ್ತಿರ. ಊರಲ್ಲೇ ನಡೆಸಲಾಗದ ವಿಷಯಗಳಿಗೆ ಜಿಲ್ಲೆಯ ಗಡಿ ನೋಡದೆ ಕೇಂದ್ರ ಆರಿಸಿಕೊಳ್ಳಲು ಬಿಡಿ. ಎರಡನೆಯದು, ವೇಳಾಪಟ್ಟಿ 2 ತಿಂಗಳು ಮೊದಲೇ ಕೈಗೆ ಸಿಗಲಿ. ಚನ್ನಗಿರಿಯ ಅಡಿಕೆ, ಹೊನ್ನಾಳಿಯ ಭತ್ತದ ನಾಟಿ, ಜಗಳೂರಿನ ಮೆಕ್ಕೆಜೋಳದ ಕಟಾವು ಲೆಕ್ಕಕ್ಕೆ ಬರಲಿ.

ಮೂರನೆಯದು ದಾಖಲೆಯ ಪಾಡು. ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಟಿ.ಸಿ. ತವರಿನ ಟ್ರಂಕಿನಲ್ಲಿ. ಗಂಡಸರಿಗೆ ಬಾರದ ತೊಡಕು ಇದು. ನೋಟರಿ, ಅಫಿಡವಿಟ್ ಎಂದು ಅಲೆಯುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ. ಪ್ರವೇಶದ ಕಾಲದಲ್ಲಿ ತಾಲ್ಲೂಕಿಗೊಂದು ದಿನ ನಿಮ್ಮ ಸಿಬ್ಬಂದಿ ಬಂದು ಕೂತು, ತಾತ್ಕಾಲಿಕ ಪ್ರವೇಶ ಕೊಟ್ಟು, ದಾಖಲೆಗೆ ಕಾಲಾವಕಾಶ ನೀಡಲಿ.

ಇದಕ್ಕೆ ಹೊಸ ಕಟ್ಟಡ ಬೇಡ. ಕಾಲೇಜುಗಳಿವೆ, ಭಾನುವಾರ ಅವುಗಳ ಕೊಠಡಿಗಳು ಖಾಲಿ ಇರುತ್ತವೆ. ಮುಂದಿನ ಪ್ರವೇಶ ಪ್ರಕಟಣೆಯಲ್ಲಿ ಈ ನಾಲ್ಕೂ ಊರುಗಳು ವಿಷಯ, ತರಗತಿಯ ದಿನಾಂಕಗಳ ಸಮೇತ ಇರಲಿ. ಓದಲು ಬರುವವರನ್ನು ಕರೆತರುವ ಹೊಣೆ ನಮ್ಮದು.

ಇಂತಿ ತಮ್ಮ ವಿಶ್ವಾಸಿ,
ಚನ್ನಗಿರಿಯ ಒಬ್ಬ ಅಧ್ಯಾಪಕಿ